ಮೂರನೆಯ ಮೆಟ್ಟಿಲು ಸಡಿಲ

ಆಫೀಸಿಗೆ ಕಾಗದದ ಪತ್ರವೊಂದು ಬಂದು ಎಷ್ಟೋ ವರ್ಷಗಳಾಗಿದ್ದವು. ಹಾಗಾಗಿ ಅದು ಬಂದ ದಿನ ಯಾರಿಗೂ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಪತ್ರ ಕೈಯಿಂದ ಕೈಗೆ ದಾಟಿ, ಪ್ರತಿ ಮೇಜಿನ ಮುಂದೆಯೂ ಒಮ್ಮೆ ಗಟ್ಟಿಯಾಗಿ ಓದಿಸಿಕೊಂಡು, ಮೈಮೇಲೆ ಎರಡು ಕಡೆ ಕಾಫಿ ಚೆಲ್ಲಿಸಿಕೊಂಡು, ಕೊನೆಗೆ ಅವಳ ಮೇಜಿಗೆ ಬಂತು.

"ಮಾನ್ಯರೇ, ನಿಮ್ಮ ಮೂಲಕ ನನ್ನ ಮಹಡಿಯ ಕೋಣೆಯನ್ನು ಎರಡು ದಿನಕ್ಕೆ ಕಾಯ್ದಿರಿಸಿದ್ದ ಅತಿಥಿ ಬರಲಿಲ್ಲ. ಒಬ್ಬಳೇ ಹೆಂಗಸು, ರೈಲಿನಲ್ಲಿ ಬರುತ್ತೇನೆ ಎಂದು ಬರೆದಿದ್ದರು. ಎರಡು ದಿನವೂ ನಾನು ನಿಲ್ದಾಣದವರೆಗೆ ಹೋಗಿಬಂದೆ. ಬಾರದಿದ್ದುದಕ್ಕೆ ನನ್ನ ಆಕ್ಷೇಪವಿಲ್ಲ. ಅವರು ಕ್ಷೇಮವಾಗಿದ್ದಾರೆಯೇ ಎಂದು ಮಾತ್ರ ತಿಳಿಸಬೇಕಾಗಿ ವಿನಂತಿ."

"ನಮ್ಮ ಗೆಸ್ಟ್ ಕ್ಷೇಮವಾ, ಆದರೆ ಮೇಡಂ?" ಎಂದು ಪಕ್ಕದ ಸಾಲಿನಿಂದ ಯಾರೋ ಕೂಗಿದರು. ಇನ್ನೊಮ್ಮೆ ನಗು ಎದ್ದಿತು.

'ಆದರೆ ಮೇಡಂ' ಆಫೀಸು ಅವಳಿಗಿಟ್ಟ ಹೆಸರು. ಎರಡು ಮೂರು ದಿನಕ್ಕೆ ಕೋಣೆ ಕೊಡುವವರನ್ನೂ ಕೋಣೆ ಬೇಕಾದವರನ್ನೂ ಆ್ಯಪಿನಲ್ಲಿ ಕೂಡಿಸುವ ಕಂಪನಿ ಅದು. ಆ ಸಂತೆ ಹೇಗೆ ನಡೆಯುತ್ತಿದೆ ಎಂದು ಅಳೆಯುವುದು ಅವಳ ಕೆಲಸ. ಮೀಟಿಂಗಿನಲ್ಲಿ ಯಾರಾದರೂ ಒಂದು ಸಂಖ್ಯೆ ಹೇಳಿ ಎದೆಯುಬ್ಬಿಸಿದರೆ ಮೂಲೆಯಿಂದ ಅವಳು "ಆದರೆ..." ಎನ್ನುತ್ತಿದ್ದಳು. ಉಬ್ಬಿದ ಎದೆ ಅಲ್ಲಿಗೆ ಇಳಿಯುತ್ತಿತ್ತು. ಅದಕ್ಕಾಗಿ ಅವಳನ್ನು ಕಂಡರೆ ಯಾರಿಗೂ ಅಷ್ಟಕ್ಕಷ್ಟೆ. ಅವಳಿಗೂ ಅವರನ್ನು ಕಂಡರೆ ಅಷ್ಟಕ್ಕಷ್ಟೆ.

ಅವಳ ತಾತ್ಸಾರಕ್ಕೆ ಕಾರಣಗಳಿದ್ದವು. ಪಟ್ಟಣದ ಎರಡು ಸಾವಿರ ಕೋಣೆಗಳ ಸರಾಸರಿ ರೇಟಿಂಗ್ ಐದಕ್ಕೆ ನಾಲ್ಕೂ ಮುಕ್ಕಾಲು. ಸೋರುವ ಬಚ್ಚಲಿಗೂ ಅಷ್ಟೇ, ಸಮುದ್ರ ಕಾಣುವ ಕಿಟಕಿಗೂ ಅಷ್ಟೇ. ಎದುರುಬದುರು ಕೂತು ಒಂದು ಲೋಟ ನೀರು ಕುಡಿದವರು ಸತ್ಯ ಹೇಳುವುದಿಲ್ಲ. ಎರಡು ವರ್ಷದ ಹಿಂದೆ ಅವಳ ಗಂಡ ತೀರಿಕೊಂಡಾಗಲೂ ಎಲ್ಲರೂ ಐದು ಸ್ಟಾರಿನ ಮಾತುಗಳನ್ನೇ ಆಡಿಹೋಗಿದ್ದರು. ಯಾರೊಬ್ಬರ ಮಾತೂ ಈಗ ಅವಳಿಗೆ ನೆನಪಿಲ್ಲ.

ಪತ್ರದಲ್ಲಿದ್ದ ಆ ಅತಿಥಿ ಹುಟ್ಟಿಯೇ ಇರಲಿಲ್ಲ. ಮನೆಯವರು ಎಷ್ಟು ಬೇಗ ಉತ್ತರ ಕೊಡುತ್ತಾರೆ ಎಂದು ಅಳೆಯಲು ಕಂಪನಿ ಆಗಾಗ ಸುಳ್ಳು ಬುಕಿಂಗ್ ಕಳಿಸುತ್ತದೆ. ಅದಕ್ಕೊಂದು ಹೆಸರನ್ನು ಯಂತ್ರವೇ ಹುಟ್ಟಿಸುತ್ತದೆ. ಆದರೆ 'ಒಬ್ಬಳೇ ಹೆಂಗಸು, ರೈಲಿನಲ್ಲಿ ಬರುತ್ತೇನೆ' ಎಂಬ ಸಾಲನ್ನು ಯಂತ್ರ ಬರೆದಿರಲಿಲ್ಲ. ಒಂದು ಮಧ್ಯಾಹ್ನ ಊಟ ಮುಗಿಸಿ, ಆಕಳಿಸುತ್ತ, ಅವಳೇ ಟೈಪ್ ಮಾಡಿದ್ದಳು.

ಅದನ್ನು ನಂಬಿ ಒಬ್ಬ ಎರಡು ದಿನ ನಿಲ್ದಾಣಕ್ಕೆ ಹೋಗಿಬಂದಿದ್ದ. ಪಾಪ ಎನಿಸಲಿಲ್ಲ. ಇಂಥ ಮಂಕುತಿಮ್ಮನ ಮುಖ ಹೇಗಿರುತ್ತದೆ ನೋಡಬೇಕು ಎನಿಸಿತು.

* * *

ಓಣಿಯ ಕೊನೆಯಲ್ಲಿ ತಕ್ಕಡಿ ರಿಪೇರಿ ಅಂಗಡಿ, ಅದರ ಮೇಲೆ ಆ ಕೋಣೆ. ಔಷಧದಂಗಡಿ, ಬಂಗಾರದಂಗಡಿ, ಕಾಲೇಜಿನ ಲ್ಯಾಬು ಎಲ್ಲ ಕಡೆಯ ತಕ್ಕಡಿಗಳೂ ಅಲ್ಲಿಗೆ ಬರುತ್ತಿದ್ದವು. ಅವನು ಗಾಜಿನ ಪೆಟ್ಟಿಗೆಯ ಮುಂದೆ ಬಾಗಿ, ಚಿಮಟದಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ತೂಕದ ಬಟ್ಟೊಂದನ್ನು ತಟ್ಟೆಗೆ ಇಳಿಸುತ್ತಿದ್ದ. ಅವಳು ಹೊಸಿಲು ದಾಟಿದ್ದೇ ತಲೆ ಎತ್ತದೆ ಒಂದು ಕೈ ಎತ್ತಿದ.

"ಒಂದ್ನಿಮಿಷ. ಉಸಿರು ಬಿಡಬೇಡಿ."

ಅವಳು ಉಸಿರು ಹಿಡಿದಳು. ಹಿಡಿದ ಮೇಲೆ, ಯಾರೋ ಹೇಳಿದರೆಂದು ತಾನೇಕೆ ಹಿಡಿದೆ ಎಂದು ಸಿಟ್ಟು ಬಂತು. ಆದರೂ ಬಿಡಲಿಲ್ಲ. ತಕ್ಕಡಿಯ ಮುಳ್ಳು ಆ ಕಡೆ ಈ ಕಡೆ ವಾಲಾಡಿ, ಸೋತು, ನಡುಗೆರೆಯ ಮೇಲೆ ನಿಂತಿತು. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

ಆಗ ಅವನು ತಲೆ ಎತ್ತಿದ. ಮೂವತ್ತೈದು ದಾಟಿದ ಮುಖ. ಸೂಕ್ಷ್ಮ ನೋಡಿ ನೋಡಿ ಸದಾ ಕೊಂಚ ಕಿರಿದಾಗಿರುವ ಕಣ್ಣು. ಅದೇ ಕಣ್ಣಿನಲ್ಲಿ ಅವಳನ್ನು ನೋಡಿದ. ತನ್ನನ್ನೂ ತಟ್ಟೆಯ ಮೇಲಿಟ್ಟಂತಾಗಿ ಅವಳು ಬ್ಯಾಗನ್ನು ಎದೆಗೆ ಎಳೆದುಕೊಂಡಳು.

"ಕಂಪನಿಯಿಂದ ಬಂದಿದ್ದೀನಿ. ನಿಮ್ಮ ಪತ್ರ ಸಿಕ್ತು."

ಅವನು ಎದ್ದೇ ನಿಂತ. "ಹೌದಾ? ಹೇಗಿದ್ದಾರೆ ಅವರು?"

"ಅವರಿಲ್ಲ."

ಅವನ ಮುಖ ಇಳಿದುಹೋಯಿತು. ಆ ಮಾತನ್ನು ಹೇಳಿಸಿಕೊಂಡವರ ಮುಖ ಹೇಗಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆತುರಾತುರವಾಗಿ ತಿದ್ದಿದಳು. "ಹಾಗಲ್ಲ, ಹಾಗಲ್ಲ. ಅವರು ಯಾವತ್ತೂ ಇರಲೇ ಇಲ್ಲ. ಸುಳ್ಳು ಬುಕಿಂಗು. ನೀವು ಎಷ್ಟು ಬೇಗ ಉತ್ತರ ಕೊಡ್ತೀರಿ ಅಂತ ಅಳೆಯೋಕೆ ನಾವೇ ಕಳಿಸೋದು. ಉತ್ತರ ಬಂದ ತಕ್ಷಣ ತಾನಾಗೇ ರದ್ದಾಗತ್ತೆ. ಆದರೆ ಒಂದು ಗಂಟೆ ಒಳಗೆ ಬರದಿದ್ರೆ ಯಂತ್ರ ನಿಮಗೆ ಸೊನ್ನೆ ಕೊಟ್ಟು ಮುಂದೆ ಹೋಗ್ಬಿಡತ್ತೆ, ರದ್ದು ಮಾಡಲ್ಲ. ಅಷ್ಟು ತಡ ಮಾಡೋರು ಇರ್ತಾರೆ ಅಂತ ನಾನು ಅಂದ್ಕೊಂಡಿರಲಿಲ್ಲ."

"ನಾನು ಎಷ್ಟು ಹೊತ್ತು ಮಾಡಿದೆ?"

"ಒಂಬತ್ತು ಗಂಟೆ ಹದಿನಾಲ್ಕು ನಿಮಿಷ."

"ಹದಿನಾಲ್ಕನ್ನೂ ಬರೆದಿಟ್ಟಿದ್ದೀರಲ್ಲ!" ಅವನ ದನಿಯಲ್ಲಿ ನಿಜವಾದ ಮೆಚ್ಚುಗೆಯಿತ್ತು.

"ಇಡೀ ಪಟ್ಟಣದಲ್ಲಿ ನೀವೇ ಕೊನೆ."

"ಯಾವುದೋ ಒಂದು ಪಟ್ಟಿಯಲ್ಲಿ ತುದೀಲಿದ್ದೀನಲ್ಲ, ಸಾಕು ಬಿಡಿ." ಅವನು ಮತ್ತೆ ಕೂತ. "ಅಂತೂ ರೈಲಲ್ಲಿ ಯಾರೂ ಕಳೆದುಹೋಗಿಲ್ಲ."

ಬೈಗುಳಕ್ಕೆ ಸಿದ್ಧವಾಗಿ ಬಂದವಳಿಗೆ ಕೈ ಎಲ್ಲಿಡಬೇಕೆಂದು ತೋಚಲಿಲ್ಲ. "ಫೋನ್ ನೋಡೋಕೇನು ಕಷ್ಟ ನಿಮಗೆ?" ಎಂದು ರೇಗಿದಳು.

ಅವನು ಒಳಕೋಣೆಯಿಂದ ಬಿಸ್ಕತ್ತಿನ ತಗಡಿನ ಡಬ್ಬವೊಂದನ್ನು ತಂದು ಮುಚ್ಚಳ ತೆರೆದು ತೋರಿಸಿದ. ಹತ್ತಿಯ ನಡುವೆ ಫೋನು ಮಲಗಿತ್ತು. "ಇದು ಗುರ್ ಅಂದ್ರೆ ಮೇಜು ನಡುಗತ್ತೆ. ಮೇಜು ನಡುಗಿದ್ರೆ ಮುಳ್ಳು ಹೊಯ್ದಾಡತ್ತೆ. ಅಂಗಡಿ ಬಾಗಿಲು ಹಾಕೋವರೆಗೂ ಡಬ್ಬದಲ್ಲೇ ಇದರ ವಾಸ."

ಕೋಣೆ ನೋಡುತ್ತೇನೆಂದಳು. ಮೆಟ್ಟಿಲ ಬಳಿ ಅವನು, "ಮೂರನೇದು ಸಡಿಲ ಇದೆ, ನೋಡಿ" ಎಂದ. ಸರಿಮಾಡಿಸಬಾರದೇ ಎಂದರೆ, ಮೂರು ಸಲ ಮಾಡಿಸಿಯಾಯಿತು, ಅದಕ್ಕೆ ಸಡಿಲವಿರುವುದೇ ಇಷ್ಟ ಎಂದ. ಒಂದು ಮಂಚ, ಒಂದು ಮೇಜು, ಇಸ್ತ್ರಿ ಮಾಡಿದ ಹೊದಿಕೆ. ಕಿಟಕಿ ತೆರೆದರೆ ಎದುರು ಮನೆಯ ಗೋಡೆ. ಆ್ಯಪಿನಲ್ಲಿ ಅವನು ಹಾಗೆಯೇ ಬರೆದಿದ್ದ: 'ಕಿಟಕಿಯಿಂದ ಎದುರಿನ ಗೋಡೆ ಕಾಣುತ್ತದೆ. ಬೆಳಗ್ಗೆ ಆರಕ್ಕೆ ಬೀದಿಯಲ್ಲಿ ಗದ್ದಲ ಶುರು. ಮೂರನೆಯ ಮೆಟ್ಟಿಲು ಸಡಿಲ.'

'ಸ್ವರ್ಗದ ತುಣುಕು', 'ಮನೆಯಿಂದಾಚೆಗೊಂದು ಮನೆ' ಎಂಬ ಹತ್ತು ಸಾವಿರ ಸುಳ್ಳುಗಳನ್ನು ಅವಳು ಓದಿದ್ದಳು. ಗೋಡೆಯನ್ನು ಗೋಡೆ ಎಂದವನು ಇವನೊಬ್ಬನೇ. ಅವನ ರೇಟಿಂಗ್ ನಾಲ್ಕು ಪಾಯಿಂಟ್ ಒಂದು.

"ಇಷ್ಟೆಲ್ಲ ಬರೆದ್ರೆ ಯಾರ್ರೀ ಬರ್ತಾರೆ?"

"ಓದಿಕೊಂಡು ಬಂದೋರು ಜಗಳ ಆಡಲ್ಲ."

"ಬರೋದೇ ಇಲ್ವಲ್ಲ, ಆಮೇಲೆ ತಾನೆ ಜಗಳ."

ಅವನು ಸೂರನ್ನು ನೋಡಿದ. "ಅಕ್ಕ ಇರ್ತಿದ್ಲು ಈ ಕೋಣೇಲಿ. ಮದುವೆಯಾಗಿ ಹೋದ್ಲು. ಆಮೇಲೆ ಕೆಳಗೆ ಕೂತ್ರೆ ತಲೆ ಮೇಲೆ ಏನೂ ಸದ್ದಿಲ್ಲ. ಯಾರಾದ್ರೂ ಓಡಾಡ್ತಿದ್ರೆ ಚೆನ್ನಾಗಿರತ್ತೆ ಅನ್ನಿಸ್ತು. ಅದಕ್ಕೇ ನಿಮ್ಮ ಆ್ಯಪಿಗೆ ಹಾಕಿದ್ದು."

"ಹೆಜ್ಜೆಗೆ ಮುಳ್ಳು ಅಲ್ಲಾಡಲ್ವಾ?"

"ಅಲ್ಲಾಡತ್ತೆ. ಅವರು ಕೂತ ಮೇಲೆ ತೂಗ್ತೀನಿ."

ಬಸ್ಸಿನಲ್ಲಿ ವಾಪಸ್ ಬರುವಾಗ ಅವಳು ಆ ಮಾತನ್ನು ಗೇಲಿ ಮಾಡಲು ನೋಡಿದಳು. ಒಂದು ಒಳ್ಳೆಯ ಗೇಲಿಯೂ ಹೊಳೆಯಲಿಲ್ಲ.

* * *

ಕಂಪನಿಯಲ್ಲಿ ಬೆಳವಣಿಗೆಗೆಂದೇ ಒಬ್ಬ ಮುಖ್ಯಸ್ಥನಿದ್ದ. ಬೆನ್ನ ಹಿಂದೆ ಎಲ್ಲರಿಗೂ ಅವನು ಗ್ರೋತ್ ಸಾಹೇಬ. ಮೂರು ತಿಂಗಳ ಹಿಂದೆ ಅವನಿಗೊಂದು ಜ್ಞಾನೋದಯವಾಗಿತ್ತು. ಪಟ್ಟಣದ ಅರ್ಧದಷ್ಟು ಕೋಣೆಗಳ ಚಿತ್ರದ ಮೇಲೆ ಹಳದಿ ಬಣ್ಣದ ಪುಟ್ಟ ಬಾಗಿಲೊಂದನ್ನು ಅಂಟಿಸುವುದು, ಅದಕ್ಕೆ 'ಚಿನ್ನದ ಬಾಗಿಲು' ಎಂದು ಹೆಸರಿಡುವುದು, ಆ ಕೋಣೆಗಳನ್ನು ಪಟ್ಟಿಯಲ್ಲಿ ಮೇಲೆ ತೋರಿಸುವುದು. ಉಳಿದರ್ಧ ಇದ್ದ ಹಾಗೇ ಇರುವುದು. ಆಮೇಲೆ ಎರಡನ್ನೂ ಹೋಲಿಸುವುದು.

ಈಗ ಅವನು ಪರದೆಯ ಮುಂದೆ ನಿಂತು ಎರಡು ಕೈಯನ್ನೂ ಅಗಲಿಸಿದ. "ಬಾಗಿಲು ಇರೋ ಕೋಣೆಗೆ ಇಲ್ಲದ್ದಕ್ಕಿಂತ ಹದಿನಾಲ್ಕು ಪರ್ಸೆಂಟ್ ಜಾಸ್ತಿ ಬುಕಿಂಗು. ಎಲ್ಲಾ ಊರಲ್ಲೂ ಎಲ್ಲಾ ಕೋಣೆಗೂ ಬಾಗಿಲು ಹಾಕೋಣ. ಇಡೀ ಕಂಪನಿ ಹದಿನಾಲ್ಕು ಪರ್ಸೆಂಟ್ ಬೆಳೆಯತ್ತೆ."

ಚಪ್ಪಾಳೆ ಬಿತ್ತು. ಹಳದಿ ಬಣ್ಣಕ್ಕೆ ಚಪ್ಪಾಳೆ ತಟ್ಟುವ ಓದಿದ ಜನ.

"ಜೊತೆಗೆ ಕಸ ಗುಡಿಸೋಣ. ಈ ಮೂರು ತಿಂಗಳಲ್ಲಿ ಏನೂ ಮಾಡದ ಇನ್ನೂರ ಹನ್ನೆರಡು ಕೋಣೆ ಇವೆ. ಮುಂದಿನ ತಿಂಗಳ ಕೊನೆಗೆ ತೆಗೆದುಹಾಕೋಣ. ಮೇಡಂ ಅಳತೆಯ ವರದಿಗೆ ಸಹಿ ಹಾಕಿದ್ರೆ ಆಯ್ತು."

ಪಟ್ಟಿ ಅವಳ ಮುಂದೆ ಬಂತು. ನೂರ ಎಪ್ಪತ್ತಾರನೆಯ ಸಾಲು: 'ಕಿಟಕಿಯಿಂದ ಎದುರಿನ ಗೋಡೆ ಕಾಣುತ್ತದೆ.'

"ಆದರೆ," ಎಂದಳು. ಯಾರೋ ಕಿಸಕ್ಕೆಂದರು. "ಹದಿನಾಲ್ಕು ಜಾಸ್ತಿಯಾಗಿದ್ರೆ ಪಟ್ಟಣದ ಒಟ್ಟು ಬುಕಿಂಗ್ ಏರಬೇಕಿತ್ತಲ್ಲ. ಅದು ಇದ್ದಲ್ಲೇ ಇದೆ."

"ಸೀಸನ್ ಡಲ್ಲು ಮೇಡಂ. ಬಾಗಿಲಿಲ್ಲದಿದ್ರೆ ಇಳಿದುಹೋಗ್ತಿತ್ತು." ಗ್ರೋತ್ ಸಾಹೇಬ ಕನಿಕರದಿಂದ ನಕ್ಕ. ಗಂಡ ಸತ್ತವಳೆಂದು ಅವನು ಅವಳೊಡನೆ ಸದಾ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ. ಆ ತಗ್ಗಿದ ದನಿಯಲ್ಲೇ ಅವಳ ಹದಿನೆಂಟು ವರದಿಗಳನ್ನು ಕಸದ ಬುಟ್ಟಿಗೆ ಹಾಕಿದ್ದ. "ಬೇರೆ ಪುರಾವೆ ಇದ್ರೆ ತನ್ನಿ."

ಅವಳ ಬಳಿ ಪುರಾವೆ ಇರಲಿಲ್ಲ.

* * *

ಮನೆಯಲ್ಲಿ ಅವಳೂ ಅತ್ತೆಯೂ ಇಬ್ಬರೇ. ಮಗ ಹೋದ ಮೇಲೆ ಅತ್ತೆ ಅಳುವುದನ್ನು ಆರು ತಿಂಗಳಲ್ಲಿ ಮುಗಿಸಿ, ಜಗಳವನ್ನು ಮುಂದುವರಿಸಿದ್ದರು. ಅದು ಸೊಸೆಗೆ ಎಷ್ಟು ಉಪಕಾರವಾಗಿತ್ತೆಂದು ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಅತ್ತೆಯ ಸದ್ಯದ ಜಗಳ ಅಡುಗೆಮನೆಯ ತಕ್ಕಡಿಯ ಮೇಲೆ. ಸಕ್ಕರೆಯನ್ನು ಅದು ಜಾಸ್ತಿ ತೋರಿಸುತ್ತದಂತೆ.

"ರಿಪೇರಿ ಮಾಡಿಸ್ಕೊಂಡು ಬರ್ತೀನಿ ಕೊಡಿ," ಎಂದಳು ಸೊಸೆ.

ಮೊದಲ ಸಲ ಅತ್ತೆ ಸುಮ್ಮನೆ ಕೊಟ್ಟರು. ಎರಡನೆಯ ಸಲ ಕನ್ನಡಕದ ಮೇಲಿಂದ ನೋಡಿದರು. ನಾಲ್ಕನೆಯ ಸಲ ತಕ್ಕಡಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಡುತ್ತ, "ಅಲ್ವೇ, ಇದಕ್ಕೇನು ಕ್ಷಯವಾ? ಆಸ್ಪತ್ರೆಗೆ ಅಲೆದ ಹಾಗೆ ಅಲೀತಿದ್ದೀಯ!" ಎಂದರು.

"ಅವರು ಮುಂದಿನ ವಾರ ಬನ್ನಿ ಅಂತಾರೆ."

"ಅವರು ಅಂತಾರೆ, ಇವಳು ಹೋಗ್ತಾಳೆ. ಹೋಗು ಹೋಗು. ಆ ಬೂದಿ ಬಣ್ಣದ್ದು ಬಿಟ್ಟು ಬೇರೆ ಏನಾದ್ರೂ ಉಟ್ಕೊಂಡು ಹೋಗು. ರಿಪೇರಿ ತಕ್ಕಡಿಗೋ ನಿನಗೋ ಗೊತ್ತಾಗದ ಹಾಗಿದ್ದೀಯ."

ಅವಳು ಬೂದಿ ಬಣ್ಣದ್ದರಲ್ಲೇ ಹೋದಳು. ಪ್ರೀತಿ ಪ್ರೇಮ ಎಂದರೆ ಅವಳಿಗೆ ರೇಟಿಂಗ್‌ನಷ್ಟೇ ಅಸಡ್ಡೆ. ಎಲ್ಲರೂ ಐದಕ್ಕೈದು ಕೊಡುವ ಇನ್ನೊಂದು ಸರಕು. ಅವನ ಅಂಗಡಿಗೆ ಹೋಗುವುದು ತಕ್ಕಡಿಗಾಗಿ ಎಂದು ತನಗೆ ತಾನೇ ಖಡಾಖಂಡಿತವಾಗಿ ಹೇಳಿಕೊಂಡಿದ್ದಳು. ಓಣಿಯ ತಿರುವಿನ ಅಂಗಡಿಯ ಗಾಜಿನಲ್ಲಿ ಮುಖ ನೋಡಿಕೊಂಡದ್ದು ಬೇರೆ ವಿಷಯ.

ಆ ದಿನ ಅವನು ಯಾವುದೋ ಅಂಗಡಿಯ ಹಿತ್ತಾಳೆಯ ತಕ್ಕಡಿಯೊಂದನ್ನು ಬಿಚ್ಚಿಟ್ಟಿದ್ದ.

"ಬಂದ್ರಾ? ಇದನ್ನ ನೋಡಿ. ಮಹಾ ಕಳ್ಳ ಇದು." ಎಡತಟ್ಟೆಯಲ್ಲಿ ಬೀಗವೊಂದನ್ನಿಟ್ಟು ಬಲತಟ್ಟೆಗೆ ಬಟ್ಟು ಹಾಕಿದ. ಮುಳ್ಳು ನಡುವೆ ನಿಂತಿತು. "ಎಷ್ಟಿದೆ?"

"ನೂರು ಗ್ರಾಂ."

"ನಂಬ್ತೀರಾ?"

"ನಿಮ್ಮ ಮುಖ ನೋಡಿದ್ರೆ ನಂಬಬಾರದು ಅನ್ಸತ್ತೆ."

ಅವನ ತುಟಿಯ ಒಂದು ಮೂಲೆ ಮಾತ್ರ ಮೇಲೆ ಹೋಯಿತು. ಇಡೀ ನಗುವನ್ನು ಅವನು ಯಾವಾಗಲೂ ಒಂದೊಂದೇ ಬಟ್ಟಿನಂತೆ ಖರ್ಚು ಮಾಡುತ್ತಿದ್ದ. "ಈಗ ಅದಲು ಬದಲು ಮಾಡಿ. ಬೀಗ ಬಲಕ್ಕೆ, ಬಟ್ಟು ಎಡಕ್ಕೆ."

ಅವಳು ಮಾಡಿದಳು. ಮುಳ್ಳು ಧಡಕ್ಕನೆ ಒಂದು ಕಡೆ ಬಿತ್ತು.

"ನೋಡಿ. ಬೀಗ ಅದೇ, ಬಟ್ಟು ಅದೇ. ದಂಡದ ಒಂದು ತೋಳು ಕೂದಲೆಳೆಯಷ್ಟು ಉದ್ದ ಇದೆ. ಇವನು ಎಡದಲ್ಲಿ ಕೂತೋನನ್ನ ಯಾವಾಗ್ಲೂ ಭಾರ ಅಂತಾನೆ, ಬಲದಲ್ಲಿ ಕೂತೋನನ್ನ ಹಗುರ ಅಂತಾನೆ. ಜಾಗ ಬದಲಿಸದೇ ಇದ್ರೆ ಜನ್ಮದಲ್ಲಿ ಗೊತ್ತಾಗಲ್ಲ."

ಅವಳು ಮುಳ್ಳನ್ನೇ ನೋಡುತ್ತ ನಿಂತಳು. ಉಸಿರು ಹಿಡಿಯಲು ಯಾರೂ ಹೇಳಿರಲಿಲ್ಲ. ಹಿಡಿದಿದ್ದಳು.

"ಏನಾಯ್ತು?"

"ನಮ್ಮ ಆಫೀಸಲ್ಲೂ ಇಂಥದೊಂದಿದೆ," ಎಂದಳು. ಬೀಗ ತೆಗೆದುಕೊಳ್ಳಲು ಅವನೂ ಆಗಲೇ ಕೈ ಚಾಚಿದ್ದ. ಎರಡು ಕೈ ತಟ್ಟೆಯೊಳಗೆ ಎದುರಾದವು. ತಟ್ಟೆ ಭಾರಕ್ಕೆ ಕೆಳಗೆ ಕೂತಿತು. ಇಬ್ಬರೂ ಅವಸರ ಮಾಡಲಿಲ್ಲ. ಎಷ್ಟು ಹೊತ್ತೆಂದು ಅವಳು, ಅವಳಂಥ ಅವಳು, ಎಣಿಸಲಿಲ್ಲ.

"ನಿಮ್ಮ ಅಡುಗೆಮನೆ ತಕ್ಕಡಿ," ಎಂದ ಅವನು ಬೀಗವನ್ನು ತೆಗೆದಿಡುತ್ತ. "ಇನ್ನೂ ಸ್ವಲ್ಪ ಕೆಲಸ ಇದೆ. ಮುಂದಿನ ವಾರ ಬನ್ನಿ."

* * *

ಪ್ರಯೋಗ ನಡೆಸುವ ಗುಂಡಿ ಅವಳ ಕೈಯಲ್ಲೇ ಇತ್ತು. ಮರುದಿನ ಬೆಳಗ್ಗೆ ಒತ್ತಿದಳು. ಬಾಗಿಲು ಇದ್ದ ಕೋಣೆಗಳಿಗೆ ಬಾಗಿಲು ಹೋಯಿತು. ಇಲ್ಲದವಕ್ಕೆ ಬಂತು.

ಎರಡು ವಾರದ ಹೊತ್ತಿಗೆ ಎಲ್ಲ ಬಯಲಾಯಿತು. ಹಳದಿ ಬಾಗಿಲು ಎಲ್ಲಿ ಹೋಯಿತೋ ಬುಕಿಂಗ್ ಅಲ್ಲಿಗೆ ಹೋಗಿತ್ತು. ಎಷ್ಟು ಹೋಗಿತ್ತೋ ಅಷ್ಟೇ ಪಕ್ಕದ ಕೋಣೆಯಲ್ಲಿ ಇಳಿದಿತ್ತು. ಒಟ್ಟು ಮಾತ್ರ ಬಾಗಿಲು ಹುಟ್ಟುವ ಮುಂಚೆ ಎಷ್ಟಿತ್ತೋ ಅಷ್ಟೇ. ಹದಿನಾಲ್ಕು ಪರ್ಸೆಂಟ್ ಬೆಳವಣಿಗೆಯೆಂದರೆ ಈ ತಟ್ಟೆಯಿಂದ ಎತ್ತಿ ಆ ತಟ್ಟೆಗೆ ಹಾಕಿದ್ದು. ಇನ್ನೂರ ಹನ್ನೆರಡು 'ಕಸ'ದಲ್ಲಿ ನೂರ ತೊಂಬತ್ತು ಕೋಣೆಗಳು ಬಾಗಿಲು ಸಿಕ್ಕಿದ ಕೂಡಲೇ ಭರ್ತಿಯಾಗಿದ್ದವು. ಅವು ಮಾಡಿದ್ದ ತಪ್ಪು ಹಗುರ ತಟ್ಟೆಯಲ್ಲಿ ಕೂತಿದ್ದು, ಅಷ್ಟೆ.

ವರದಿಯನ್ನು ಓದಿದ ಗ್ರೋತ್ ಸಾಹೇಬ ಅವಳನ್ನು ಗಾಜಿನ ಕೋಣೆಗೆ ಕರೆದ. ಈ ಸಲ ದನಿ ತಗ್ಗಿರಲಿಲ್ಲ.

"ನೂರ ಎಪ್ಪತ್ತಾರನೇ ಕೋಣೆ. ತಕ್ಕಡಿ ಅಂಗಡಿ. ಅಲ್ಲಿಗೆ ನೀವು ಐದು ಸಲ ಹೋಗಿದ್ದೀರಂತೆ. ನಮ್ಮ ಹುಡುಗ್ರು ನೋಡಿದ್ದಾರೆ."

"ಹೌದು."

"ಗೆಳೆಯನಿಗೆ ಬಾಗಿಲು ಕೊಡೋಕೆ ಇಡೀ ಪ್ರಯೋಗ ತಿರುಗಿಸಿದ್ರಿ ಅಂತ ನಾನು ಬೋರ್ಡಿಗೆ ಹೇಳಬಹುದು. ವರದಿ ಅಲ್ಲಿಗೆ ಸತ್ತ ಹಾಗೆ." ಅವನು ಕುರ್ಚಿಗೆ ಒರಗಿದ. "ಏನೂ ಸಂಬಂಧ ಇಲ್ಲ ಅಂತ ಬರೆದುಕೊಡಿ, ನಾನು ಮರೀತೀನಿ. ವರದಿಯನ್ನ ನೀವು ಮರೀರಿ. ಅಥವಾ ಫಾರ್ಮ್ ತುಂಬಿ. ನಿಯಮ ಗೊತ್ತಲ್ಲ, ಉದ್ಯೋಗಿಗೆ ಬೇಕಾದವರ ಕೋಣೆ ನಮ್ಮ ಆ್ಯಪಿನಲ್ಲಿ ಇರೋ ಹಾಗಿಲ್ಲ. ಆ ಕೋಣೆ ಹೋಗತ್ತೆ. ಪಾಪ, ನಿಮಗೋಸ್ಕರ."

ಅವಳು ತನ್ನ ಮೇಜಿಗೆ ಬಂದು ಕೂತಳು. ಮೊದಲು ನೂರ ಎಪ್ಪತ್ತಾರನೆಯ ಸಾಲನ್ನು ಅಳಿಸಿ ಇಡೀ ಲೆಕ್ಕವನ್ನು ಮತ್ತೆ ಮಾಡಿದಳು. ಉತ್ತರ ಕದಲಲಿಲ್ಲ. ಒಂದು ಕೋಣೆ ಇದ್ದರೂ ಹೋದರೂ ಹಳದಿ ಬಾಗಿಲಿನ ಬೆಲೆ ಸೊನ್ನೆ. ಅವನ ಕೋಣೆ ಪಟ್ಟಿಯಲ್ಲಿಲ್ಲದಿದ್ದರೆ ಗ್ರೋತ್ ಸಾಹೇಬನಿಗೆ ಆಡಲು ಮಾತೂ ಇಲ್ಲ. ಉಳಿದ ಇನ್ನೂರ ಹನ್ನೊಂದು ಉಳಿಯುತ್ತವೆ. ಆದರೆ ತಕ್ಕಡಿಯವನ ತಲೆಯ ಮೇಲಿನ ಸೂರು ಮತ್ತೆ ಸುಮ್ಮನಾಗುತ್ತದೆ.

ಸಂಬಂಧವಿಲ್ಲ ಎಂದು ಬರೆಯುವುದು ಸುಲಭವಿತ್ತು. ಆಫೀಸಿನಲ್ಲಿ ದಿನಕ್ಕೆ ನೂರು ಸುಳ್ಳು ಹುಟ್ಟುತ್ತವೆ, ಇದೊಂದು ನೂರ ಒಂದನೆಯದು. ಅವಳ ಬೆರಳು ಅಲ್ಲಿಯವರೆಗೆ ಹೋಗಿ ನಿಂತಿತು. ಗೋಡೆಯನ್ನು ಗೋಡೆ ಎಂದು ಬರೆದವನ ಬಗ್ಗೆ ಸುಳ್ಳು ಬರೆಯಲು ಕೈ ಏಳಲಿಲ್ಲ.

ಫಾರ್ಮ್ ತೆರೆದಳು. ಅದನ್ನು ಯಾರೂ ಯಾವತ್ತೂ ತುಂಬಿರಲಿಲ್ಲ. 'ಸಂಬಂಧದ ಬಗೆ' ಎಂಬಲ್ಲಿ ರಕ್ತಸಂಬಂಧ, ವ್ಯವಹಾರ, ಸ್ನೇಹ, ಇತರೆ ಎಂದಿತ್ತು. 'ಇತರೆ' ಒತ್ತಿದಳು. 'ವಿವರಿಸಿ' ಎಂದಿತು. ಎಷ್ಟೋ ಹೊತ್ತು ಕೂತು, ಎರಡು ವರ್ಷದಲ್ಲಿ ತನಗೆ ಗೊತ್ತಿದ್ದೂ ತಾನು ಅಳೆಯದ ಒಂದೇ ಒಂದು ಸಂಗತಿಯನ್ನು ಬರೆದಳು: 'ನನಗೆ ಅವರ ಮೇಲೆ ಮನಸ್ಸಾಗಿದೆ. ಅವರಿಗೆ ಗೊತ್ತಿಲ್ಲ.'

ಕಳಿಸಿದಳು.

ಪರದೆಯ ಮೇಲೆ ಸಾಲೊಂದು ಮೂಡಿತು. 'ಧನ್ಯವಾದ. ನಿಮ್ಮ ಹೇಳಿಕೆಯನ್ನು ದೃಢೀಕರಣಕ್ಕಾಗಿ ಕೋಣೆಯ ಮಾಲೀಕರಿಗೆ ಕಳಿಸಲಾಗಿದೆ.'

ಅವಳು ಕುರ್ಚಿಯಿಂದ ಅರ್ಧ ಎದ್ದಳು. ಕಳಿಸಿದ ಪ್ರತಿಯೊಂದೂ ಆ ಕಡೆಯವರಿಗೆ ಹೋಗಿ ದೃಢವಾಗಬೇಕೆಂದು ಯಂತ್ರಕ್ಕೆ ಕಲಿಸಿದವಳು ಅವಳೇ, ಮೂರು ವರ್ಷದ ಹಿಂದೆ. ಈ ಫಾರ್ಮನ್ನು ಅದರಿಂದ ಹೊರಗಿಡಬೇಕೆಂದು ಆಗ ತೋಚಿರಲಿಲ್ಲ. ವಾಪಸ್ ಕರೆಯುವ ಗುಂಡಿಯನ್ನೂ ಅವಳು ಇಟ್ಟಿರಲಿಲ್ಲ. ಅಂಥ ಗುಂಡಿ ಇದ್ದರೆ ಜನ ಯೋಚಿಸದೆ ಒತ್ತುತ್ತಾರೆ ಎಂದು ಮೀಟಿಂಗಿನಲ್ಲಿ ಭಾಷಣ ಬೇರೆ ಮಾಡಿದ್ದಳು.

ಗಂಟೆ ಹತ್ತು. ಫೋನು ಡಬ್ಬದಲ್ಲಿದೆ, ಡಬ್ಬ ಒಳಕೋಣೆಯಲ್ಲಿದೆ. ಸರಾಸರಿ ಒಂಬತ್ತು ಗಂಟೆ. ಅಂದರೆ ಸಂಜೆ ಏಳು. ಅಷ್ಟರೊಳಗೆ ಓಣಿಗೆ ಓಡಿ, ಡಬ್ಬ ಕಸಿದು, ಹತ್ತಿಯಿಂದ ಫೋನ್ ಕಿತ್ತು... ಅವಳು ಬ್ಯಾಗಿಗೆ ಕೈ ಹಾಕಿದಳು.

ಹತ್ತೂ ಆರಕ್ಕೆ ಉತ್ತರ ಬಂತು.

ಆರು ನಿಮಿಷ. ಅವಳು ಮೊದಲು ಗಡಿಯಾರ ಕೆಟ್ಟಿದೆಯೇ ನೋಡಿದಳು. ಆಮೇಲೆ ಓದಿದಳು.

'ದೃಢೀಕರಿಸಿದರೆ ನಿಮ್ಮ ಕೋಣೆಯನ್ನು ನಮ್ಮ ಆ್ಯಪಿನಿಂದ ತೆಗೆಯಲಾಗುವುದು. ಒಪ್ಪಿಗೆಯೇ?' ಎಂಬುದರ ಎದುರು 'ಹೌದು' ಎಂದಿತ್ತು. ಅದರ ಕೆಳಗೆ, ಟಿಪ್ಪಣಿಯ ಜಾಗದಲ್ಲಿ: 'ಹೇಳಿಕೆಯ ಮೊದಲ ವಾಕ್ಯದ ಬಗ್ಗೆ ತಕರಾರಿಲ್ಲ. ಎರಡನೆಯದು ತಪ್ಪು. ನನಗೆ ಗೊತ್ತಿತ್ತು. ನಿಮ್ಮ ಅಡುಗೆಮನೆಯ ತಕ್ಕಡಿಯಲ್ಲಿ ಮೊದಲ ದಿನವೂ ಏನೂ ದೋಷವಿರಲಿಲ್ಲ. ಮುಂದಿನ ವಾರ ಬನ್ನಿ ಎಂದದ್ದು ನನ್ನ ತಪ್ಪು. ಈಗೀಗ ಫೋನು ಮೇಜಿನ ಮೇಲೇ ಇರುತ್ತದೆ. ಮುಳ್ಳು ಅಲ್ಲಾಡುತ್ತದೆ. ಅಲ್ಲಾಡಲಿ.'

* * *

ವರದಿ ಬೋರ್ಡಿಗೆ ಹೋಯಿತು. ಇನ್ನೂರ ಹನ್ನೊಂದು ಕೋಣೆಗಳನ್ನು ತೆಗೆಯುವುದು ನಿಂತಿತು. ಗ್ರೋತ್ ಸಾಹೇಬನೇನೂ ನಾಚಿಕೊಳ್ಳಲಿಲ್ಲ. ಅಂಥವರಿಗೆ ಆ ಅಂಗವೇ ಇರುವುದಿಲ್ಲ. ಬಾಗಿಲನ್ನು ತೆಗೆಸಿ, ಅದರ ಜಾಗಕ್ಕೆ ಹಸಿರು ಕಿಟಕಿ ಅಂಟಿಸಿ, ಮತ್ತೆ ಚಪ್ಪಾಳೆ ತಟ್ಟಿಸಿಕೊಂಡ. ಅವಳನ್ನು 'ಗ್ರಾಹಕರ ಸಂತೋಷ' ಅಳೆಯುವ ವಿಭಾಗಕ್ಕೆ ಎತ್ತಿಹಾಕಿದ. ಶಿಕ್ಷೆಯೆಂದು ಅವನು ತಿಳಿದಿದ್ದ. ಅವಳೂ ಹಾಗೇ ತಿಳಿದಳು.

ಆ ಭಾನುವಾರ ಅತ್ತೆ ಅಡುಗೆಮನೆಯಿಂದ ಬರಿಗೈಯಲ್ಲಿ ಬಂದರು.

"ತಕ್ಕಡಿ ಇವತ್ತು ಇಲ್ಲೇ ಇರಲಿ, ನನಗೆ ಬೇಕು. ಸುಮ್ಮನೆ ಹೋಗು."

"ಸುಮ್ಮನೆ ಹೋದ್ರೆ ಏನಂತ ಹೇಳಲಿ ಅತ್ತೆ?"

"ಏನಾದ್ರೂ ಹೇಳು. ನನ್ನ ಮಗ ನಿನ್ನ ನೋಡೋಕೆ ಬಂದಾಗ ಕೊಡೆ ಮರೆತೆ ಅಂತ ಮೂರು ಸಲ ಬಂದಿದ್ದ. ಅವನ ಹತ್ರ ಕೊಡೆಯೇ ಇರಲಿಲ್ಲ." ಅತ್ತೆ ಮುಖ ತಿರುಗಿಸಿ ಸಕ್ಕರೆ ಡಬ್ಬದ ಮುಚ್ಚಳವನ್ನು ಬೇಕಿಲ್ಲದಷ್ಟು ಬಿಗಿಯಾಗಿ ಹಾಕಿದರು. "ಹೋಗು. ಕತ್ತಲಾಗೋದ್ರೊಳಗೆ ಬಾ. ಆ ಬೂದಿ ಬಣ್ಣದ್ದು ನಾನು ಒಗೆಯೋಕೆ ಹಾಕಿದ್ದೀನಿ."

ಅವಳು ನೀಲಿಯದನ್ನು ಉಟ್ಟು ಹೋದಳು.

ಅಂಗಡಿಯಲ್ಲಿ ಅವನು ಗಾಜಿನ ಪೆಟ್ಟಿಗೆಯ ಮುಂದೆ ಬಾಗಿದ್ದ. ಕೈ ಎತ್ತಿದ. ಅವಳು ಉಸಿರು ಹಿಡಿದಳು. ಈ ಸಲ ಸಿಟ್ಟು ಬರಲಿಲ್ಲ. ಮುಳ್ಳು ನಿಲ್ಲಲು ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು. ಅಥವಾ ಅವನೇ ತೆಗೆದುಕೊಂಡನೋ ಏನೋ.

"ಕೋಣೆ ಹೋಯ್ತು," ಎಂದಳು ಅವಳು. "ನನ್ನಿಂದ."

"ಕೋಣೆ ಎಲ್ಲಿ ಹೋಗತ್ತೆ? ಮೇಲೇ ಇದೆ. ಆ್ಯಪಿಂದ ಹೋಯ್ತು."

"ಇನ್ನು ಯಾರೂ ಬರಲ್ಲ."

"ಒಬ್ಬರು ಬರಬೇಕಾಗಿತ್ತು." ಅವನು ಚಿಮಟವನ್ನು ಕೆಳಗಿಟ್ಟ. "ಒಬ್ಬಳೇ ಹೆಂಗಸು, ರೈಲಿನಲ್ಲಿ ಬರುತ್ತೇನೆ ಅಂದಿದ್ರು. ಎರಡು ದಿನ ನಿಲ್ದಾಣಕ್ಕೆ ಹೋಗಿದ್ದೆ."

"ಬಸ್ಸಲ್ಲಿ ಬಂದ್ರು," ಎಂದಳು. "ತಡವಾಯ್ತು."

"ಎಷ್ಟು ಹೊತ್ತಾಯ್ತು ಅಂತ ಬರೆದಿಟ್ಟಿದ್ದೀರಾ?"

"ಇಲ್ಲ."

ಆಗ ಅವನು ಇಡೀ ನಗುವನ್ನು ಒಮ್ಮೆಗೇ ಖರ್ಚು ಮಾಡಿದ. ಅವಳು ಅದಕ್ಕೆ ಎಷ್ಟು ಸ್ಟಾರು ಕೊಡಬಹುದೆಂದು ಯೋಚಿಸಿ, ಆ ಯೋಚನೆಯ ಬಗ್ಗೆಯೇ ತಾತ್ಸಾರಪಟ್ಟು, ಮೆಟ್ಟಿಲ ಕಡೆ ನಡೆದಳು. ಒಂದು, ಎರಡು. ಮೂರನೆಯದನ್ನು ದಾಟಬಹುದಿತ್ತು. ಬೇಕೆಂದೇ ತುಳಿದಳು. ಅದು ಕಿರ್ರೆಂದಿತು.

ಕೋಣೆಯ ಕಿಟಕಿ ತೆರೆದು ಎದುರಿನ ಗೋಡೆಯನ್ನು ನೋಡಿದಳು. ಆಮೇಲೆ ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ, ಕೆಳಗೆ ಚೆನ್ನಾಗಿ ಕೇಳಿಸುವಂತೆ ನಡೆದಾಡಿದಳು. ಕೆಳಗೆ ತಕ್ಕಡಿಯ ಮೇಲೆ ಬಟ್ಟು ಇಡುವ ಸದ್ದಿರಲಿಲ್ಲ. ಅವನು ಕಾಯುತ್ತಿದ್ದ.

ಅವಳು ಕೂರಲಿಲ್ಲ.